ಎಕ್ಸಿಫ್‌ಟೂಲ್: ಗುಡಿಯ ಫೋಟೊಗಳಿಗೆ ಊರಿನ ಹೆಸರು

ಗದಗ, ಹಾವೇರಿ ಜಿಲ್ಲೆಗಳ ಚಾಲುಕ್ಯರ ಕಾಲದ ಗುಡಿಗಳ ಫೋಟೊ ತೆಗೆಯಲು ಹುಬ್ಬಳ್ಳಿಯಿಂದ ರವಿವಾರ ಹೊರಡುವ ರೂಢಿ ನನಗಿದೆ. ಲಕ್ಕುಂಡಿ, ಡಂಬಳ, ಗಳಗನಾಥ, ಬಂಕಾಪುರ ಸುತ್ತಿ ತಂದ ಚಿತ್ರಗಳಲ್ಲಿ ಕಡೆದ ಕಂಬಗಳೇ ಸಾವಿರಾರು ಇವೆ. ವರ್ಷ ಕಳೆದ ಮೇಲೆ ಅವುಗಳಲ್ಲಿ ಒಂದನ್ನು ತೋರಿಸಿ ಇದು ಯಾವ ಊರಿನದು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ನನ್ನ ಕ್ಯಾಮೆರಾದಲ್ಲಿ ಜಿಪಿಎಸ್ ಇಲ್ಲ. ಹೀಗಾಗಿ ಮೊಬೈಲ್ ದಾಖಲಿಸಿದ ದಾರಿಯ ಜಾಡನ್ನು ಫೋಟೊಗಳಿಗೆ ಹೊಂದಿಸುವ ಸಲಕರಣೆಯನ್ನು ಹುಡುಕುತ್ತ ಎಕ್ಸಿಫ್‌ಟೂಲ್‌ಗೆ ಬಂದೆ.

ಫಿಲ್ ಹಾರ್ವೆ 2003ರಿಂದ ಬೆಳೆಸಿಕೊಂಡು ಬಂದಿರುವ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಇದರಲ್ಲಿ ಒತ್ತುವ ಗುಂಡಿಗಳಿಲ್ಲ, ನಕಾಶೆಯೂ ಇಲ್ಲ. ಆಜ್ಞೆಗಳನ್ನು ಟೈಪ್ ಮಾಡಿಯೇ ಕೆಲಸ ಮಾಡಿಸಬೇಕು. ಮೊದಲ ಎರಡು ದಿನ ಇದು ತೊಡಕೆನಿಸಿದರೂ, ನಾನೂರು ಫೋಟೊಗಳ ಇಡೀ ಫೋಲ್ಡರಿಗೆ ಒಂದೇ ಸಾಲಿನ ಆಜ್ಞೆ ಸಾಕಾಗುತ್ತದೆ ಎಂಬುದನ್ನು ಕಂಡ ಮೇಲೆ ನಾನು ಬೇರೆಯದನ್ನು ಹುಡುಕಲಿಲ್ಲ. ಹಳೆಯ ಕಡತವನ್ನು ಮೂಲಪ್ರತಿಯಾಗಿ ಪಕ್ಕಕ್ಕೆ ಉಳಿಸಿಕೊಂಡೇ ಅದು ಹೊಸದನ್ನು ಬರೆಯುವುದರಿಂದ ಚಿತ್ರ ಕೆಡುವ ಭಯವಿಲ್ಲ.

ಕೆಲಸದ ತಿರುಳೆಲ್ಲ ಸಮಯದಲ್ಲಿದೆ. ಫೋಟೊ ತೆಗೆದ ಕ್ಷಣದಲ್ಲಿ ಮೊಬೈಲ್ ಎಲ್ಲಿತ್ತು ಎಂಬುದನ್ನು ಜಾಡಿನಿಂದ ಓದಿ, ಎರಡು ಬಿಂದುಗಳ ನಡುವಿನ ಫೋಟೊಗೆ ನಡುವಿನ ಸ್ಥಾನವನ್ನು ಲೆಕ್ಕ ಹಾಕಿ, ಅಕ್ಷಾಂಶ ರೇಖಾಂಶಗಳನ್ನು ಚಿತ್ರದೊಳಗೇ ಬರೆಯಲಾಗುತ್ತದೆ. ಜಾಡಿನ ಕಡತದಲ್ಲಿ ಇರುವುದು ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ. ಫೋಟೊದಲ್ಲಿ ಕಾಲವಲಯ ನಮೂದಾಗಿರದಿದ್ದರೆ ತಂತ್ರಾಂಶ ಕಂಪ್ಯೂಟರಿನ ಕಾಲವಲಯವನ್ನೇ ನಂಬುತ್ತದೆ. ಆದ್ದರಿಂದ ಅದು ಸರಿಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ನಾನು ಎಡವಿದ್ದು ಕ್ಯಾಮೆರಾದ ಗಡಿಯಾರದಲ್ಲಿ. ಅದು 4 ನಿಮಿಷ ಹಿಂದಿತ್ತು. ಲಕ್ಕುಂಡಿಯಿಂದ ಡಂಬಳಕ್ಕೆ ಬೈಕಿನಲ್ಲಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗಿದ್ದರಿಂದ, ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ಗೋಡೆಯ ಮೊದಲ ಹನ್ನೊಂದು ಫೋಟೊಗಳು 3 ಕಿಲೋಮೀಟರ್‌ವರೆಗೂ ಹಿಂದೆ, ರಸ್ತೆ ಬದಿಯ ಹೊಲಗಳಲ್ಲಿ ತೆಗೆದವೆಂದು ದಾಖಲಾದವು. ಅಂದಿನಿಂದ ಪ್ರತಿ ಪ್ರಯಾಣದಲ್ಲಿ ಮೊದಲ ಫೋಟೊವನ್ನು ಮೊಬೈಲ್ ಪರದೆಯ ಸೆಕೆಂಡ್ ಸಹಿತ ಗಡಿಯಾರದ್ದೇ ತೆಗೆಯುತ್ತೇನೆ. ಆ ಚಿತ್ರದಲ್ಲಿ ಕಾಣುವ ಸಮಯಕ್ಕೂ ಕ್ಯಾಮೆರಾ ಬರೆದ ಸಮಯಕ್ಕೂ ಇರುವ ಅಂತರವನ್ನು ಜಿಯೊಸಿಂಕ್ ಎಂಬ ಆಯ್ಕೆಗೆ ಕೊಟ್ಟರೆ ಎಲ್ಲ ಫೋಟೊಗಳೂ ಒಟ್ಟಿಗೆ ಸರಿಹೋಗುತ್ತವೆ.

ಊರಿನ ಹೆಸರನ್ನು ತಾನಾಗಿ ಬರೆಯುವ ಸೌಲಭ್ಯ 2024ರಲ್ಲಿ ಸೇರಿತು, ಅದಕ್ಕೆ ಇಂಟರ್ನೆಟ್ ಕೂಡ ಬೇಕಿಲ್ಲ. ಆದರೆ ಜೊತೆಗೆ ಬರುವ, ಜಿಯೊನೇಮ್ಸ್ ಎಂಬ ಸ್ಥಳನಾಮ ಸಂಗ್ರಹದ ಪಟ್ಟಿಯಲ್ಲಿರುವುದು 2000ಕ್ಕೂ ಹೆಚ್ಚು ಜನಸಂಖ್ಯೆ ದಾಖಲಾದ ಊರುಗಳು ಮಾತ್ರ, ಮತ್ತು ತಂತ್ರಾಂಶ ಆರಿಸುವುದು ಅವುಗಳಲ್ಲಿ ಅತಿ ಹತ್ತಿರದ್ದನ್ನು. ಫೋಟೊ ಯಾವ ಊರಿನ ಸರಹದ್ದಿನೊಳಗಿದೆ, ಹೊಳೆಯ ಯಾವ ದಂಡೆಯಲ್ಲಿದೆ ಎಂಬುದನ್ನು ಅದು ನೋಡುವುದಿಲ್ಲ. ವರದಾ, ತುಂಗಭದ್ರಾ ದಂಡೆಯ ಸಣ್ಣ ಹಳ್ಳಿಗಳ ಗುಡಿಗಳಿಗೆ ಈ ಲೆಕ್ಕ ಸಾಲದು. ಆರಿಸಿದ ಊರು ಎಷ್ಟು ದೂರದಲ್ಲಿದೆ ಎಂಬುದನ್ನೂ ಅದು ತೋರಿಸುವುದು ದೊಡ್ಡ ಉಪಕಾರ: 2 ಕಿಲೋಮೀಟರಿಗಿಂತ ಹೆಚ್ಚು ಬಂದ ಫೋಟೊಗಳನ್ನು ಬೇರೆ ಮಾಡಿ, ಊರಿನ ಹೆಸರನ್ನು ನಾನೇ ತುಂಬುತ್ತೇನೆ. ಗುಡಿಯ ಹೆಸರನ್ನಂತೂ ನಾವೇ ಬರೆಯಬೇಕು. ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ಮತ್ತು ನನ್ನೇಶ್ವರ ಗುಡಿಗಳು ಕೂಗಳತೆಯಲ್ಲಿವೆ; ಬಯಲಲ್ಲಿ ಮೊಬೈಲ್ ಸುಮಾರು 5 ಮೀಟರಿನಷ್ಟು ನಿಖರವಾಗಿ ಸ್ಥಾನ ಹೇಳಿದರೂ, ನವರಂಗದ ಕಲ್ಲಿನ ಛಾವಣಿಯ ಕೆಳಗೆ ಆ ನಿಖರತೆ ಉಳಿಯುವುದಿಲ್ಲ.

ಕನ್ನಡದಲ್ಲಿ ಹೆಸರು ತುಂಬುವವರು ಗಮನಿಸಬೇಕಾದ ವಿಷಯ ಒಂದಿದೆ. ಫೋಟೊದೊಳಗೆ ಮಾಹಿತಿ ಬರೆಯುವ ಹಳೆಯ ಐಪಿಟಿಸಿ ವಿಧಾನದಲ್ಲಿ ಊರಿನ ಹೆಸರಿಗೆ ಇರುವ ಜಾಗ 32 ಬೈಟ್ ಮಾತ್ರ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ 3 ಬೈಟ್ ತೆಗೆದುಕೊಳ್ಳುವುದರಿಂದ ‘ಚೌಡಯ್ಯದಾನಪುರ’ಕ್ಕೆ 36 ಬೈಟ್ ಬೇಕಾಗುತ್ತದೆ, ಹೆಸರಿನ ಬಾಲ ತುಂಡಾಗುತ್ತದೆ. ಫೋಟೊದೊಳಗೆ ಮಾಹಿತಿ ಬರೆಯುವ ಹೊಸ ವಿಧಾನವಾದ ಎಕ್ಸ್‌ಎಂಪಿ ವಿಭಾಗದಲ್ಲಿ ಈ ಮಿತಿಯಿಲ್ಲ, ನಾನು ಬರೆಯುವುದು ಅಲ್ಲಿಯೇ. ವಿಂಡೋಸ್‌ನಲ್ಲಿ ಕನ್ನಡವನ್ನು ಆಜ್ಞೆಯ ಸಾಲಿನಲ್ಲಿ ನೇರವಾಗಿ ಟೈಪ್ ಮಾಡದೆ, ಯುಟಿಎಫ್-8 ಕಡತದಲ್ಲಿಟ್ಟು ಓದಿಸುವುದು ಸುರಕ್ಷಿತ.

ಹೀಗೆ ಗುರುತು ಹಾಕಿದ ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಒಳಗಿನ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಉಳಿಯಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಬೇಕು. ಆದರೆ ಕೆಲವು ಚಿತ್ರಗಳ ಸ್ಥಳವನ್ನು ನಾನಾಗಿಯೇ ಅಳಿಸುತ್ತೇನೆ. ಕಾವಲಿಲ್ಲದ ಹೊಲಗಳ ಬದುವಿನಲ್ಲಿ ನಿಂತ ವೀರಗಲ್ಲುಗಳ ಫೋಟೊಗಳನ್ನು ಯಾರಿಗಾದರೂ ಕೊಡುವ ಮೊದಲು, ಇದೇ ತಂತ್ರಾಂಶದಿಂದ ಪ್ರತಿಯಲ್ಲಿರುವ ಅಕ್ಷಾಂಶ ರೇಖಾಂಶಗಳನ್ನು ತೆಗೆದು, ತಾಲೂಕಿನ ಹೆಸರನ್ನಷ್ಟೇ ಉಳಿಸುತ್ತೇನೆ.