ಹೊಸ ಕಂಪ್ಯೂಟರಿಗೆ ವಿಂಡೋಸ್ ಹಾಕುವ ಮುಂಚೆ ಹಳೇ ಹಾರ್ಡ್‌ಡಿಸ್ಕಿನ ಕೇಬಲ್ ಕಿತ್ತಿಡಿ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಆಗೊಮ್ಮೆ ಈಗೊಮ್ಮೆ ಜಾತ್ರೆಯ ಬ್ಯಾನರು. 11 ವರ್ಷದ ಕೆಲಸವೆಲ್ಲ 1 ಟಿಬಿಯ ಒಂದೇ ಹಾರ್ಡ್‌ಡಿಸ್ಕಿನಲ್ಲಿತ್ತು. ಕಳೆದ ನವೆಂಬರಿನಲ್ಲಿ ಹೊಸ ಕಂಪ್ಯೂಟರಿಗೆ ವಿಂಡೋಸ್ ಹಾಕಲು ಹೋಗಿ ಅದನ್ನು ನನ್ನ ಕೈಯಾರೆ ಅಳಿಸಿಬಿಟ್ಟೆ. ನಿಮಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ. ನಮ್ಮಂತೆ ಅಂಗಡಿ ಇಟ್ಟುಕೊಂಡವರು, ಮದುವೆ ಫೋಟೋ ತೆಗೆಯುವವರು ಇದನ್ನು ಪೂರ್ತಿ ಓದಿ.

ಹಳೇ ಕಂಪ್ಯೂಟರ್ 2014ರದ್ದು, ನಾಲ್ಕನೇ ತಲೆಮಾರಿನ ಐ3. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನದೇ ಆಗಬೇಕು. ಹಾಗಾಗಿ ಒಂದು ದಿನ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಹನ್ನೆರಡನೇ ತಲೆಮಾರಿನ ಐ5, ಅದಕ್ಕೊಪ್ಪುವ ಬೋರ್ಡು, 16 ಜಿಬಿ ರ‍್ಯಾಮ್, 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ಬೋರ್ಡಿಗೇ ಚುಚ್ಚುವ, ಹಾರ್ಡ್‌ಡಿಸ್ಕಿಗಿಂತ ವೇಗದ ಡಿಸ್ಕು) ತಂದೆ. ಜೋಡಿಸಿದ್ದು ನಾನೇ. ಎಲ್ಲ ಚೆನ್ನಾಗಿ ಕೂತಿತು. ಹೇಗೂ ಕ್ಯಾಬಿನೆಟ್ ತೆರೆದಿದೆಯಲ್ಲ ಅಂತ ಹಳೇ ಹಾರ್ಡ್‌ಡಿಸ್ಕನ್ನೂ ಅದರಲ್ಲೇ ಕೂರಿಸಿ, ಕೇಬಲ್ ಚುಚ್ಚಿದೆ. ಮೊದಲ ತಪ್ಪು ಇದೇ.

ಮಾರನೇ ದಿನ ವಿಂಡೋಸ್ ಹಾಕಲು ಕೂತೆ. ಮೊದಲು ಪೆನ್‌ಡ್ರೈವೇ ಅರ್ಧ ದಿನ ತಿಂದಿತು. ‘ಎ ಮೀಡಿಯಾ ಡ್ರೈವರ್ ಯುವರ್ ಕಂಪ್ಯೂಟರ್ ನೀಡ್ಸ್ ಈಸ್ ಮಿಸ್ಸಿಂಗ್’ ಅಂತ ಬಂತು. ಡ್ರೈವರ್ ಅಂದಿದ್ದನ್ನು ನೋಡಿ ನಾನು ಯಾವ್ಯಾವುದೋ ಡ್ರೈವರ್ ಇಳಿಸಿದೆ. ಎಷ್ಟೋ ಸಲ ಆ ಮಾತಿನ ಅರ್ಥ ಪೆನ್‌ಡ್ರೈವಿನಲ್ಲಿರುವ ಫೈಲು ಸರಿಯಿಲ್ಲ, ಇಲ್ಲವೇ ಆ ಯುಎಸ್‌ಬಿ ಪೋರ್ಟು ಒಗ್ಗುತ್ತಿಲ್ಲ ಅಂತ ಅಷ್ಟೇ. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವಿನಲ್ಲಿ ಹೊಸದಾಗಿ ಮಾಡಿ, ಕಂಪ್ಯೂಟರಿನ ಹಿಂಬದಿಯ ಬೇರೆ ಪೋರ್ಟಿಗೆ ಹಾಕಿದ ಮೇಲೆ ಸರಿಹೋಯಿತು.

ಆಮೇಲೆ ಬಂತು ಡಿಸ್ಕ್ ಆರಿಸುವ ಪುಟ. ಅಲ್ಲಿ ‘ಡಿಸ್ಕ್ 0’ ಅಂತ ಒಂದೇ ಡಿಸ್ಕು, ಅದರೊಳಗೆ ಮೂರು ಪಾರ್ಟಿಷನ್, ಅಂದರೆ ಮೂರು ಭಾಗ. ನೆಕ್ಸ್ಟ್ ಒತ್ತಲು ಹೋದರೆ ಈ ಡಿಸ್ಕಿಗೆ ವಿಂಡೋಸ್ ಹಾಕಲು ಆಗುವುದಿಲ್ಲ, ಇದು ಎಂಬಿಆರ್, ಇಎಫ್‌ಐ ಸಿಸ್ಟಮ್‌ಗೆ ಜಿಪಿಟಿ ಬೇಕು ಅಂತ ಇಂಗ್ಲಿಷಿನಲ್ಲಿ ಬಂತು. ಡಿಸ್ಕಿನಲ್ಲಿ ಪಾರ್ಟಿಷನ್‌ಗಳ ಪಟ್ಟಿ ಇಡುವ ಹಳೇ ಪದ್ಧತಿ ಎಂಬಿಆರ್, ಹೊಸದು ಜಿಪಿಟಿ. ಅಷ್ಟು ಹೊತ್ತಿಗೆ ಸಂಜೆ ಆರೂವರೆ. ಹೊರಗೆ ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಪ್ರೂಫಿಗೆ ಕಾಯುತ್ತಿದ್ದರು. ಮೈಸೂರಿನ ಒಬ್ಬ ರಿಪೇರಿಯವರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ಡಿಸ್ಕ್ ಕಾಣ್ತಿದೆ?’ ಒಂದೇ ಅಂದೆ. ‘ಹಾಗಾದ್ರೆ ಅದೇ ನಿಮ್ಮ ಹೊಸದು. ಪಾರ್ಟಿಷನ್ ಇದ್ರೆ ಅಂಗಡಿಯಲ್ಲಿ ಟೆಸ್ಟ್ ಮಾಡಿರ್ತಾರೆ’ ಅಂದರು. ಹಳೇ ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದೇನೆ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿಸಿದರು. ಕಪ್ಪು ಕಿಟಕಿ ಬಂತು. ‘ಡಿಸ್ಕ್‌ಪಾರ್ಟ್’. ‘ಲಿಸ್ಟ್ ಡಿಸ್ಕ್’. ‘ಸೆಲೆಕ್ಟ್ ಡಿಸ್ಕ್ 0’. ‘ಕ್ಲೀನ್’. ಅವರು ಹೇಳಿದ್ದನ್ನೆಲ್ಲ ಒಂದೊಂದಾಗಿ ಟೈಪ್ ಮಾಡಿದೆ. ಕ್ಲೀನ್ ಅಂತ ಹೊಡೆದು ಎಂಟರ್ ಒತ್ತಿದರೆ ಅದು ‘ಗ್ಯಾರಂಟೀನಾ?’ ಅಂತ ಕೇಳುವುದಿಲ್ಲ. ಒಂದು ಕ್ಷಣ, ಮುಗಿಯಿತು ಅಂತ ಒಂದು ಸಾಲು, ಅಷ್ಟೇ. ಆಮೇಲೆ ‘ಕನ್ವರ್ಟ್ ಜಿಪಿಟಿ’. ಇನ್‌ಸ್ಟಾಲ್ ಶುರುವಾಯಿತು.

‘ಲಿಸ್ಟ್ ಡಿಸ್ಕ್’ ಹೊಡೆದಾಗ ಆ ಕಪ್ಪು ಕಿಟಕಿಯಲ್ಲಿ ಡಿಸ್ಕ್ 0ರ ಎದುರಿಗೆ 931 ಜಿಬಿ ಅಂತ ಇತ್ತು. ಅದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಇಡುತ್ತಾರೆ, ವಿಂಡೋಸ್ 1024ರ ಲೆಕ್ಕ ಇಡುತ್ತದೆ. ಹಾಗಾಗಿ 1 ಟಿಬಿ ಡಿಸ್ಕ್ 931 ಜಿಬಿ ಅಂತ ಕಾಣುತ್ತದೆ, 500 ಜಿಬಿಯದು 465 ಅಂತ ಕಾಣುತ್ತದೆ. ನಾನು ತಂದಿದ್ದು 500ರದ್ದು. ಅಲ್ಲಿ 465 ಇರಬೇಕಿತ್ತು ಅಲ್ವಾ? ಆ ಒಂದು ಅಂಕಿ ಓದಿದ್ದರೆ ಸಾಕಿತ್ತು. ನೀವು ದಯವಿಟ್ಟು ಡಿಸ್ಕ್ 0, ಡಿಸ್ಕ್ 1 ಅನ್ನುವ ನಂಬರ್ ನಂಬಬೇಡಿ. ಅದು ಹೊಸದು ಹಳೆಯದು ನೋಡಿ ಬರುವುದಲ್ಲ. ಸೈಜ್ ಓದಿ. ಜೋರಾಗಿ ಬಾಯಿಬಿಟ್ಟು ಓದಿ.

ಇನ್ನೊಂದು ಗುರುತೂ ನನ್ನ ಮುಂದೆಯೇ ಇತ್ತು. ಪೊಟ್ಟಣದಿಂದ ಈಗಷ್ಟೇ ತೆಗೆದ ಎಸ್‌ಎಸ್‌ಡಿ ಖಾಲಿ ಇರುತ್ತದೆ. ಯುಇಎಫ್‌ಐನಲ್ಲಿ (ಬಯೋಸ್‌ನ ಹೊಸ ರೂಪ, ಎರರ್‌ನಲ್ಲಿದ್ದ ಇಎಫ್‌ಐ ಅಂದರೂ ಇದೇ) ಪೆನ್‌ಡ್ರೈವ್ ಬೂಟ್ ಆಗಿದ್ದರೆ ಸೆಟಪ್ ಅದನ್ನು ತಾನೇ ಜಿಪಿಟಿ ಮಾಡಿಕೊಳ್ಳುತ್ತದೆ. ಎಂಬಿಆರ್ ಅನ್ನುವ ತಕರಾರು ಬಂದರೆ ನಿಮ್ಮ ಮುಂದಿರುವುದು ಯಾವಾಗಲೋ ಬಳಸಿದ ಡಿಸ್ಕು. ಆ ಎರರ್ ನನಗೆ ಅಡ್ಡಿ ಅನಿಸಿತು. ನಿಜಕ್ಕೂ ಅದು ನನ್ನ ಕೈ ಹಿಡಿದು ನಿಲ್ಲಿಸುತ್ತಿತ್ತು.

ರಾತ್ರಿ ಒಂಬತ್ತಕ್ಕೆ ಡೆಸ್ಕ್‌ಟಾಪ್ ಬಂತು. ಹೊಸ ಎಸ್‌ಎಸ್‌ಡಿ ಅಂದರೂ ಯಾಕೋ ತುಂಬಾ ನಿಧಾನ. ದಿಸ್ ಪಿಸಿ ತೆರೆದೆ. ಬರೀ ಸಿ ಡ್ರೈವ್, ಒಂಬೈನೂರು ಚಿಲ್ಲರೆ ಜಿಬಿ. ಡಿ ಡ್ರೈವ್ ಇಲ್ಲ. ಎದೆ ಧಸಕ್ಕೆಂದಿತು. ಪವರ್ ಆಫ್ ಮಾಡಿ, ಶಟರ್ ಅರ್ಧ ಎಳೆದು, ಸುಮ್ನೆ ಕೂತುಬಿಟ್ಟೆ.

ಹಾಗಾದರೆ ಹೊಸ ಎಸ್‌ಎಸ್‌ಡಿ ಎಲ್ಲಿ ಹೋಗಿತ್ತು? ಅದನ್ನು ಹುಡುಕಿ ಕೊಟ್ಟವನು ಇಲ್ಲೇ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ. ಬಯೋಸ್‌ಗೆ, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪುಟಕ್ಕೆ ಹೋದರೆ ಎಸ್‌ಎಸ್‌ಡಿ ಹೆಸರು ಕಾಣುತ್ತಿತ್ತು, ವಿಂಡೋಸ್ ಸೆಟಪ್‌ನಲ್ಲಿ ಮಾತ್ರ ಇಲ್ಲ. ಕಾರಣ ವಿಎಂಡಿ, ಅಂದರೆ ಡಿಸ್ಕುಗಳನ್ನು ನೋಡಿಕೊಳ್ಳುವ ಇಂಟೆಲ್‌ನ ಒಂದು ಕಂಟ್ರೋಲರ್. ಇಂಟೆಲ್ ಹನ್ನೊಂದನೇ ತಲೆಮಾರಿನಿಂದ ಈಚಿನ ಸಿಸ್ಟಮ್‌ಗಳಲ್ಲಿ ಇದು ಜಾಸ್ತಿ ಎದುರಾಗುತ್ತದೆ, ಲ್ಯಾಪ್‌ಟಾಪ್‌ಗಳಲ್ಲಂತೂ ಇನ್ನೂ ಜಾಸ್ತಿ. ವಿಎಂಡಿ ಆನ್ ಇದ್ದರೆ ಎನ್‌ವಿಎಂಇ ಡಿಸ್ಕು ಆ ಕಂಟ್ರೋಲರಿನ ಹಿಂದೆ ಕೂತಿರುತ್ತದೆ, ಅದರ ಡ್ರೈವರ್ ಇಲ್ಲದೆ ಸೆಟಪ್‌ಗೆ ಕಾಣುವುದೇ ಇಲ್ಲ. ನನ್ನ ಬೋರ್ಡಿನಲ್ಲಿ ಅದು ಆನ್ ಆಗಿಯೇ ಬಂದಿತ್ತು. ಸಾಟಾ ಕೇಬಲಿನ ಹಳೇ ಹಾರ್ಡ್‌ಡಿಸ್ಕ್ ಅದರ ಕೈಕೆಳಗೆ ಇರಲಿಲ್ಲ. ಅದಕ್ಕೇ ಅದೊಂದೇ ಕಂಡಿತು.

ಸರಿಮಾಡುವ ದಾರಿ ಎರಡಿವೆ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡುವುದು ಒಂದು. ಒಂದೇ ಎಸ್‌ಎಸ್‌ಡಿ ಇರುವ ನಮ್ಮಂಥವರಿಗೆ ಇದೇ ಸುಲಭ. ಹಲವು ಡಿಸ್ಕುಗಳನ್ನು ಸೇರಿಸಿ ಒಂದರಂತೆ ಬಳಸುವ ರೇಡ್ ಮಾಡಿಕೊಂಡಿದ್ದರೆ ಮಾತ್ರ ಅದನ್ನು ಮುಟ್ಟಬೇಡಿ. ಇನ್ನೊಂದು, ಬೋರ್ಡ್ ಕಂಪನಿಯ ವೆಬ್‌ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ ಪೆನ್‌ಡ್ರೈವಿಗೆ ಹಾಕಿ, ಡಿಸ್ಕ್ ಪುಟದಲ್ಲಿ ‘ಲೋಡ್ ಡ್ರೈವರ್’ ಒತ್ತಿ ತೋರಿಸುವುದು. ಯಾವುದಾದರೂ ಒಂದು ದಾರಿಗೆ ಅಂಟಿಕೊಳ್ಳಿ. ವಿಎಂಡಿ ಆನ್ ಇಟ್ಟು ವಿಂಡೋಸ್ ಹಾಕಿ ಆಮೇಲೆ ಆಫ್ ಮಾಡಿದರೆ ಬೂಟ್ ಆಗದೆ ನೀಲಿ ಪರದೆ ಬರುತ್ತದೆ.

ಹಳೇ ಡಿಸ್ಕಿನ ಕೇಬಲ್ ಕೀಳಿ ಅನ್ನುವುದಕ್ಕೆ ಮತ್ತೊಂದು ಕಾರಣವೂ ಇದೆ. ನೀವು ಸರಿಯಾದ ಎಸ್‌ಎಸ್‌ಡಿಯನ್ನೇ ಆರಿಸಿದರೂ, ಬೇರೆ ಡಿಸ್ಕು ಸಿಕ್ಕಿಕೊಂಡಿದ್ದರೆ ವಿಂಡೋಸ್ ಕೆಲವು ಸಲ ತನ್ನ ಬೂಟ್ ಫೈಲುಗಳನ್ನು ಅದರಲ್ಲಿ ಇಡುತ್ತದೆ. ಆರು ತಿಂಗಳಾದ ಮೇಲೆ ಹಳೇ ಡಿಸ್ಕ್ ತೆಗೆದರೆ ಕಂಪ್ಯೂಟರ್ ಏಳುವುದೇ ಇಲ್ಲ. ಒಂದು ಕೇಬಲ್ ಕೀಳಲು ಒಂದು ನಿಮಿಷ ಸಾಕು.

ಡೇಟಾ ವಿಷಯಕ್ಕೆ ಬರುತ್ತೇನೆ. ಬರೀ ‘ಕ್ಲೀನ್’ ಮಾಡಿದರೆ ಪಾರ್ಟಿಷನ್‌ಗಳ ಪಟ್ಟಿ ಹೋಗುತ್ತದೆ, ಫೈಲುಗಳು ಇದ್ದಲ್ಲೇ ಇರುತ್ತವೆ. ‘ಕ್ಲೀನ್ ಆಲ್’ ಕೊಟ್ಟರೆ ಮಾತ್ರ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. ಅಂದರೆ ಕ್ಲೀನ್ ಆದ ಕ್ಷಣವೇ ಪವರ್ ತೆಗೆದಿದ್ದರೆ ನನ್ನದು ಬಹುತೇಕ ಎಲ್ಲವೂ ಉಳಿಯುತ್ತಿತ್ತು. ನಾನು ಅದರ ಮೇಲೆ ವಿಂಡೋಸ್ ಹಾಕಿದೆ. ಇಪ್ಪತ್ತು ಜಿಬಿಗೂ ಜಾಸ್ತಿ ಹೊಸ ಫೈಲು ಹೋಗಿ ಹಳೆಯದರ ಮೇಲೆ ಕೂತಿತು. ನಿಮಗೆ ಇಂಥ ಅನಾಹುತ ಆದರೆ ಆ ಡಿಸ್ಕನ್ನು ತಕ್ಷಣ ಹೊರಗೆ ತೆಗೆಯಿರಿ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಬೇಡಿ.

ನಾವು ಮೊದಲು ಬೇರೆ 2 ಟಿಬಿ ಡಿಸ್ಕಿಗೆ ಪೂರ್ತಿ ನಕಲು ತೆಗೆದೆವು. ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಅನ್ನುವ ರಿಕವರಿ ಸಾಫ್ಟ್‌ವೇರ್ ಓಡಿಸಿದೆವು. ಅದು ಉಚಿತ. ಹಳೇ ಡಿ ಡ್ರೈವ್ ಡಿಸ್ಕಿನ ಕೊನೆಯ ಭಾಗದಲ್ಲಿತ್ತು, ಫೋಲ್ಡರ್ ಹೆಸರುಗಳ ಸಮೇತ ಮುಕ್ಕಾಲು ಪಾಲು ಬಂತು. ಮೊದಲ ಫೈಲ್ ತೆರೆದರೆ ಲಗ್ನಪತ್ರಿಕೆಯ ಅಕ್ಷರವೆಲ್ಲ ಇಂಗ್ಲಿಷಿನ ಅರ್ಥವಿಲ್ಲದ ಗೀಚಿನಂತೆ ಕಂಡಿತು. ಫೈಲೇ ಕೆಟ್ಟಿತು ಅಂತ ಕೈಕಾಲು ತಣ್ಣಗಾಯಿತು. ಆದರೆ ಕೆಟ್ಟಿರಲಿಲ್ಲ. ಹಳೇ ನುಡಿ ಫಾಂಟಿನಲ್ಲಿ ಮಾಡಿದ ಫೈಲುಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಾಗೇ ಕಾಣುವುದು. ನುಡಿ ಹಾಕಿದ ತಕ್ಷಣ ‘ಶ್ರೀ ಚಾಮುಂಡೇಶ್ವರಿ ಪ್ರಸನ್ನ’ ಅಂತ ಮೂಡಿತು. ಡಿಟಿಪಿಯವರು ಇದನ್ನು ನೆನಪಿಡಿ, ಗಾಬರಿಯಲ್ಲಿ ಒಳ್ಳೇ ಫೈಲನ್ನು ಡಿಲೀಟ್ ಮಾಡಬೇಡಿ.

ಸಿ ಡ್ರೈವ್ ಮಾತ್ರ ಹೋಯಿತು. ನಾವು ಅಂಗಡಿಯವರು ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಇಡುತ್ತೇವೆ, ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ. ಕಳೆದ ಎರಡು ವರ್ಷದ ಕೆಲಸ ಅಲ್ಲಿತ್ತು. ಫೋಟೋರೆಕ್ ಅನ್ನುವ ಇನ್ನೊಂದು ರಿಕವರಿ ಸಾಫ್ಟ್‌ವೇರ್ ಹಾಕಿ ಹುಡುಕಿದಾಗ ಕೆಲವು ಸಾವಿರ ಫೈಲು ಬಂದವು. ಒಂದಕ್ಕೂ ಮೂಲ ಹೆಸರಿಲ್ಲ, ಎಫ್ ಅಂತ ಶುರುವಾಗಿ ಬರೀ ಅಂಕಿ. ತೆರೆದು ನೋಡದೆ ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಹೊಸ ಬೋರ್ಡಿನಲ್ಲಿ ವಿಂಡೋಸ್ ಹಾಕುವಾಗ ಕೊನೆಯಲ್ಲಿ ಇಂಟರ್ನೆಟ್ ಕೇಳುತ್ತದೆ, ಎಷ್ಟೋ ಸಲ ವೈಫೈ ಡ್ರೈವರ್ ಇರುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಕೇಬಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಸಾಮಾನ್ಯವಾಗಿ ಕೆಲಸ ಆಗುತ್ತದೆ. ಎರಡನೆಯದು ಜಾಸ್ತಿ ಮುಖ್ಯ. ಬೇರೆಯವರ ಕೈಯಲ್ಲಿ ವಿಂಡೋಸ್ ಹಾಕಿಸಿದರೆ ಅವರ ಇಮೇಲ್ ಅಕೌಂಟ್ ಹಾಕಲು ಬಿಡಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆದರೆ, ಹಾರ್ಡ್‌ವೇರ್ ಒಪ್ಪಿದಲ್ಲಿ ಡಿಸ್ಕು ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಬೀಗ ಬೀಳುತ್ತದೆ. ಅದರ 48 ಅಂಕಿಯ ರಿಕವರಿ ಕೀ ಹೋಗಿ ಕೂರುವುದು ಆ ಅಕೌಂಟಿನಲ್ಲಿ. ನಾಳೆ ಬಯೋಸ್ ಅಪ್‌ಡೇಟ್ ಮಾಡಿದಾಗ ಕಂಪ್ಯೂಟರ್ ಆ ಕೀ ಕೇಳಿದರೆ, ನಿಮ್ಮ ಡೇಟಾ ಯಾರೋ ರಿಪೇರಿಯವರ ಪಾಸ್‌ವರ್ಡ್ ಹಿಂದೆ ಇರುತ್ತದೆ.

ಡಿಸೆಂಬರಿನಲ್ಲಿ ಪಾಂಡವಪುರದ ಕಡೆಯ ಒಬ್ಬ ಅಮ್ಮ ಅಂಗಡಿಗೆ ಬಂದರು. ಒಂದೂವರೆ ವರ್ಷದ ಹಿಂದೆ ಅವರ ಯಜಮಾನರ ತಿಥಿ ಕಾರ್ಡು ಮಾಡಿಕೊಟ್ಟಿದ್ದೆ. ಆಗ ಅವರು ತಂದಿದ್ದು ಯಾವುದೋ ಹಳೇ ಅರ್ಜಿಯಿಂದ ಕಿತ್ತ ಪಾಸ್‌ಪೋರ್ಟ್ ಸೈಜಿನ ಫೋಟೋ. ಅಂಗಿಯ ಕಾಲರಿನ ಮೇಲೆ ನೇರಳೆ ಸೀಲಿನ ಅರ್ಧ ಗುರುತು. ಸ್ಕ್ಯಾನ್ ಮಾಡಿ, ಒಂದು ಗಂಟೆ ಕೂತು ಆ ಸೀಲನ್ನು ಅಳಿಸಿದ್ದೆ. ಮೂಲ ಫೋಟೋ ಆಮೇಲೆ ಮಳೆಗೆ ನೆಂದು ಹೋಯಿತಂತೆ. ‘ನಿಮ್ ತಾವ ಐತಲ್ಲ ಅಂತ ನಾನು ಯೋಚ್ನೇನೇ ಮಾಡ್ಲಿಲ್ಲ ಕಣಪ್ಪ’ ಅಂದರು. ಮಗಳ ಮದುವೆಗೆ ಗೋಡೆಗೆ ಹಾಕುವಂತೆ ದೊಡ್ಡದು ಮಾಡಿಸಬೇಕಿತ್ತು.

ಅದು ಡೆಸ್ಕ್‌ಟಾಪ್ ಮೇಲಿತ್ತು. ನಡೆದಿದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ದಿನಾ ಅಂಗಡಿ ಮುಚ್ಚಿದ ಮೇಲೆ ಒಂದು ಗಂಟೆ ಆ ಹೆಸರಿಲ್ಲದ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದೇನೆ. ಹೋದ ವಾರ ಅವರ ಮುಖ ಸಿಕ್ಕಿತು. ಆದರೆ ಅದು ವಾಟ್ಸಾಪಿನಲ್ಲಿ ಪ್ರೂಫ್ ಕಳಿಸಲು ಮಾಡಿದ್ದ ಚಿಕ್ಕ ಫೈಲು. ದೊಡ್ಡದು ಮಾಡಿದರೆ ಕಣ್ಣಿನ ಹತ್ತಿರ ಚೌಕ ಚೌಕವಾಗಿ ಒಡೆಯುತ್ತದೆ. ಸ್ಕ್ಯಾನ್ ಮಾಡಿದ ದೊಡ್ಡ ಫೈಲು ಇನ್ನೂ ಸಿಕ್ಕಿಲ್ಲ. ಮದುವೆ ಮಾಘದಲ್ಲಿದೆ, ನೋಡಬೇಕಾದ ಫೈಲು ಇನ್ನೂ ಎರಡು ಸಾವಿರಕ್ಕೂ ಜಾಸ್ತಿ ಇವೆ.