ಗಡಿ ಕೋಟೆಗಳ ಪಡಿ: ಗುತ್ತಿಗೆಯ ಕಾಲವಾ, ಉಗ್ರಾಣದ ಕಾಲವಾ?

ಅಮೆರಿಕದ ಗಡಿ ಕೋಟೆಗಳಲ್ಲಿ ಸೈನಿಕರ ಹೊಟ್ಟೆ ಹೇಗೆ ತುಂಬುತ್ತಿತ್ತು ಅಂತ ಓದಲು ಹೊರಟಿದ್ದೀರಾ? ಎರಡು ಕಾಲಗಳಿವೆ: 1818ಕ್ಕೆ ಮುಂಚೆ ಖಾಸಗಿ ವ್ಯಾಪಾರಿಗಳು ಊಟ ಒದಗಿಸುತ್ತಿದ್ದ ಗುತ್ತಿಗೆ, ಆಮೇಲಿನ ಸೈನ್ಯದ್ದೇ ಉಗ್ರಾಣ.

ಗುತ್ತಿಗೆಯಲ್ಲಿ ಒಂದು ಪಡಿಗೆ, ಅಂದರೆ ಒಬ್ಬ ಸೈನಿಕನ ಒಂದು ದಿನದ ಆಹಾರಕ್ಕೆ, ಇಷ್ಟು ಅಂತ ದರ. 1790ರ ಕಾನೂನಿನಂತೆ ಒಬ್ಬನಿಗೆ ದಿನಕ್ಕೆ ಒಂದು ಪೌಂಡ್ ದನದ ಮಾಂಸ ಅಥವಾ ಮುಕ್ಕಾಲು ಪೌಂಡ್ ಹಂದಿ ಮಾಂಸ, ಒಂದು ಪೌಂಡ್ ಬ್ರೆಡ್ ಅಥವಾ ಹಿಟ್ಟು, ಜೊತೆಗೆ ಸ್ವಲ್ಪ ಮದ್ಯ. ನೂರು ಪಡಿಗೆ ಎರಡು ಪೌಂಡ್ ಸೋಪು, ಒಂದು ಪೌಂಡ್ ಮೇಣದಬತ್ತಿ. ಕಾಗದದ ಮೇಲೆ ಎಲ್ಲಾ ಸರಿ. ಆದರೆ ಖರ್ಚು ಉಳಿದಷ್ಟೂ ಗುತ್ತಿಗೆದಾರನಿಗೇ ಲಾಭ, ಅಲ್ವಾ? 1791ರಲ್ಲಿ ಗುತ್ತಿಗೆದಾರ ವಿಲಿಯಂ ಡ್ಯೂಯರ್ ಸರ್ಕಾರ ಕೊಟ್ಟ ಮುಂಗಡ ಹಣವನ್ನು ಬೇರೆ ವ್ಯವಹಾರಕ್ಕೆ ತಿರುಗಿಸಿದ. ಸೇನಾಪತಿ ಸೇಂಟ್ ಕ್ಲೇರ್‌ನ ದಂಡು ಅರೆಹೊಟ್ಟೆಯಲ್ಲೇ ಕಾಡು ಹೊಕ್ಕಿತು, ಮೂಲನಿವಾಸಿಗಳ ದಾಳಿಗೆ ಸಿಕ್ಕಿ ನೂರಾರು ಜನ ಸತ್ತರು. ಓದುವಾಗ ನಿಜಕ್ಕೂ ಸಂಕಟವಾಗುತ್ತದೆ.

1818ರ ನಂತರ ಸೈನ್ಯದ ಆಹಾರ ವಿಭಾಗದ ಮುಖ್ಯಸ್ಥ ಜಾರ್ಜ್ ಗಿಬ್ಸನ್ ಕೈಗೆ ಜವಾಬ್ದಾರಿ ಬಂತು. ಸೈನ್ಯವೇ ಸಗಟಾಗಿ ಕೊಂಡು, ಪರೀಕ್ಷಿಸಿ, ಕೋಟೆಯ ಅಧಿಕಾರಿಯೊಬ್ಬರಿಂದ ಹಂಚಿಸುತ್ತಿತ್ತು. ಲೆಕ್ಕ ಬಿಗಿಯಾಯಿತು. ಆದರೂ 1819-20ರ ಚಳಿಗಾಲದಲ್ಲಿ ಮಿಸೌರಿ ನದಿ ದಡದ ಕೌನ್ಸಿಲ್ ಬ್ಲಫ್ಸ್ ಬಳಿ ಸ್ಕರ್ವಿಗೆ (ಸಿ ವಿಟಮಿನ್ ಕೊರತೆಯ ರೋಗ) ನೂರಕ್ಕೂ ಜಾಸ್ತಿ ಸೈನಿಕರು ಬಲಿಯಾದರು. ತಾಜಾ ತರಕಾರಿಯೇ ಇರಲಿಲ್ಲ.

ಹಣ, ರಾಜಕೀಯ ಇಷ್ಟವಿದ್ದರೆ ಗುತ್ತಿಗೆ ಕಾಲ ಹಿಡಿಯಿರಿ. ಕೋಟೆಯ ದಿನನಿತ್ಯದ ಬದುಕು, ತೋಟ, ಊಟ ಬೇಕಿದ್ದರೆ ಉಗ್ರಾಣದ ಕಾಲ. ನನ್ನ ಆಯ್ಕೆ ಎರಡನೆಯದೇ.