ಫೋನು, ಬಿ.ಎಂ. ರಸ್ತೆ, ಮಾಲು: ಮೂರೂ ಕಡೆ ಕೊಂಡು ನೋಡಿದ್ದು

ಹಾಸನದವರಿಗೆ ಈಗ ಸಾಮಾನು ಕೊಳ್ಳಲು ಮೂರು ದಾರಿ. ಕೈಯಲ್ಲಿರುವ ಫೋನು, ಊರಿನ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯ ಅಂಗಡಿಗಳು, ಇಲ್ಲವೇ ಬೆಂಗಳೂರಿನ ಮಾಲು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ರೈಲು ಓಡಲು ಶುರುವಾದ ಮೇಲೆ ಮೂರನೆಯದೂ ಮೊದಲಿನಷ್ಟು ದೂರವಿಲ್ಲ. ಅಪ್ಪನಿಗೆ ವಾಕಿಂಗ್ ಶೂ, ನನಗೊಂದು ಜೀನ್ಸ್ ಪ್ಯಾಂಟು, ಮನೆಗೊಂದು ಮಿಕ್ಸಿ ಬೇಕಿತ್ತು. ಮೂರನ್ನೂ ಮೂರು ಕಡೆ ನೋಡಿದೆ.

ಮಿಕ್ಸಿಯದು ಹೆಚ್ಚು ಮಾತಿಲ್ಲ. ಮಾಡೆಲ್ ನಂಬರ್ ಒಂದೇ ಆದರೆ ಎಲ್ಲಿ ಕೊಂಡರೂ ಅದೇ ಮಿಕ್ಸಿ. ಫೋನಿನಲ್ಲಿ ಅಗ್ಗ, ಮನೆಬಾಗಿಲಿಗೂ ಬಂತು. ಇಂಥ ಡಬ್ಬದ ಸಾಮಾನಿನಲ್ಲಿ ಮಾಲ್‌ಗಳು ಫೋನಿನ ಜೊತೆ ಪೈಪೋಟಿಗೆ ಇಳಿಯದಿರುವುದೇ ಲೇಸು.

ಶೂ ಬೇರೆ ಕಥೆ. ಅಪ್ಪನದು ಅಗಲ ಪಾದ, ಹೆಬ್ಬೆರಳಿನ ಬುಡದಲ್ಲಿ ಗಂಟು. ಫೋನಿನಲ್ಲಿ ತರಿಸಿದ 8ನೇ ನಂಬರು ಹಿಂಡುತ್ತಿತ್ತು, 9 ತರಿಸಿದರೆ ಹಿಮ್ಮಡಿ ಜಾರುತ್ತಿತ್ತು. ವಾಪಸ್ ಕಳಿಸುವುದು ಸುಲಭ, ದುಡ್ಡೂ ಬಂತು. ಆದರೆ ಶೂ ಬರಲಿಲ್ಲವಲ್ಲ! ಬಿ.ಎಂ. ರಸ್ತೆಯ ಅಂಗಡಿಯವರು ಮೊದಲು ಅಪ್ಪನನ್ನು ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಿದರು. ಆಮೇಲೆ ಮೇಲೆ ನೋಡಿ ಏನೋ ಕೂಗಿದರು. ಅಟ್ಟದ ಕಿಂಡಿಯಿಂದ ಹುಡುಗ ಡಬ್ಬ ಎಸೆದ, ಇವರು ಹಿಡಿದರು. ಶೂ ಹಾಕಿಸಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, "ಇಷ್ಟು ಜಾಗ ಇರ್ಬೇಕು ಯಜಮಾನ್ರೆ, ಸಂಜೆ ಹೊತ್ತು ಕಾಲು ಊದ್ಕೊಳ್ಳತ್ತೆ" ಅಂದರು. ಡಿಸೈನು ಎರಡೇ. ಗಲ್ಲಾದ ಹಿಂದೆ "ಮಾರಿದ ಮಾಲು ವಾಪಸ್ ಇಲ್ಲ" ಅನ್ನುವ ಬೋರ್ಡು ಬೇರೆ.

ಮಾಲ್‌ನ ಅಂಗಡಿಯಲ್ಲಿ ಗೋಡೆ ತುಂಬ ಶೂ. ಹಾಕಿಕೊಂಡು ಉದ್ದಕ್ಕೆ ನಡೆದು ನೋಡಲು ಜಾಗವೂ ಇತ್ತು. ಒಂದು ಚೆನ್ನಾಗಿ ಕೂತಿತು, ಆದರೆ ಅಪ್ಪ ಕೇಳಿದ ಬಣ್ಣ ಆ ನಂಬರಿನಲ್ಲಿ ಇರಲಿಲ್ಲ. "ನಮ್ ವೆಬ್‌ಸೈಟಲ್ಲಿ ಇದೆ ಅಂಕಲ್, ಆರ್ಡರ್ ಮಾಡ್ಕೊಳ್ಳಿ" ಅಂದ ಹುಡುಗ. ಗಿರಾಕಿಯನ್ನು ತಾನೇ ಕೈ ಹಿಡಿದು ಹೊರಗೆ ಬಿಟ್ಟ ಹಾಗೆ. ಮಾಲ್‌ನಲ್ಲಿ ಸಾಮಾನ್ಯವಾಗಿ ಅಂಗಡಿಯವರು ಗೊತ್ತುಮಾಡಿದ ಕನಿಷ್ಠ ಬಾಡಿಗೆ ಅಥವಾ ಮಾರಾಟದಲ್ಲೊಂದು ಪಾಲು, ಯಾವುದು ಹೆಚ್ಚೋ ಅದನ್ನು ಕಟ್ಟುತ್ತಾರೆ. ಅಲ್ಲಿ ಅಳತೆ ನೋಡಿ ಹೊರಗೆ ಬಂದು ಫೋನಿನಲ್ಲಿ ಕೊಂಡರೆ ಅಂಗಡಿಗೂ ನಷ್ಟ, ಮಾಲ್‌ಗೂ ನಷ್ಟ. ಕೌಂಟರಿನಲ್ಲೇ ದುಡ್ಡು ಕಟ್ಟಿಸಿಕೊಂಡು, ಹಾಸನದ ವಿಳಾಸ ಬರೆದುಕೊಂಡು, ಆ ಮಾರಾಟವನ್ನು ಅಂಗಡಿಯ ಲೆಕ್ಕಕ್ಕೇ ಸೇರಿಸಿದ್ದರೆ ಅಪ್ಪ ಅಲ್ಲೇ ಕೊಳ್ಳುತ್ತಿದ್ದರು.

ಜೀನ್ಸ್ ಎಲ್ಲ ಕಡೆಯೂ ಉದ್ದವೇ. ನಮ್ಮೂರಿನ ಅಂಗಡಿಯಲ್ಲಿ "ಕಾಫಿ ಕುಡ್ಕೊಂಡು ಬನ್ನಿ, ಹೊಲ್ದಿಟ್ಟಿರ್ತೀನಿ" ಅಂದರು, ಹಾಗೇ ಮಾಡಿದರು. ಮಾಲ್‌ನಲ್ಲಿ ನಾಳೆ ಸಿಗುತ್ತದೆಂದರು. ಸಂಜೆ ರೈಲಿಗೆ ಹೋಗುವವನಿಗೆ ನಾಳೆ ಎಲ್ಲಿಂದ ಬರಬೇಕು? ಮಹಡಿಗೊಬ್ಬ ಟೈಲರ್ ಕೂತರೆ ಫೋನಿನಿಂದ ಆಗದ ಕೆಲಸವೊಂದು ಮಾಲ್‌ನಲ್ಲಿ ಆಗುತ್ತದೆ.

ಹಾಗಂತ ಬಿ.ಎಂ. ರಸ್ತೆಯೇ ಗೆದ್ದಿತು ಅನ್ನಲಾರೆ. ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನ ಕೆಲವೇ ದಿನ. ಆಗ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಂಡಿನೋವಿನ ಅಮ್ಮ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೂರಬೇಕು, ಶೌಚಾಲಯಕ್ಕೆ ಹೋಟೆಲ್ ಹುಡುಕಬೇಕು. ಅದೇ ಬೆಂಗಳೂರಿನಲ್ಲಿ ರೈಲಿಳಿದ ಯಶವಂತಪುರದಿಂದ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಅಲ್ಲಿಳಿದರೆ ಓರಿಯನ್ ಮಾಲ್ ಹತ್ತಿರ. ಅದರ ಹಿಂದಿನ ಕೆರೆಯ ಬದಿಯಲ್ಲಿ ಅಮ್ಮ ಏನೂ ಕೊಳ್ಳದೆ ಬಹಳ ಹೊತ್ತು ಕೂತಿದ್ದರು, ಯಾರೂ ಏಳಿ ಅನ್ನಲಿಲ್ಲ. 1956ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ತೆರೆದ ಸೌತ್‌ಡೇಲ್ ಮಾಲ್‌ನ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ಬಯಸಿದ್ದೂ ಜನ ಸೇರುವ ಊರಚಾವಡಿಯಂಥ ಜಾಗವನ್ನೇ. ಬೆಂಚು ತೆಗೆದು ಅಲ್ಲೊಂದು ಫೋನ್ ಕವರ್ ಅಂಗಡಿ ಇಡುವ ಮಾಲ್ ಮ್ಯಾನೇಜರಿಗೆ ಇದು ಗೊತ್ತಿರಬೇಕಿತ್ತು. ಆ ಕವರು ಫೋನಿನಲ್ಲೇ ಅರ್ಧ ಬೆಲೆಗೆ ಸಿಗುತ್ತದೆ.

ಅಪ್ಪನ ಶೂ, ನನ್ನ ಜೀನ್ಸ್ ಎರಡೂ ಕೊನೆಗೆ ಊರಲ್ಲೇ ಕೊಂಡಿದ್ದು. ಮಾಲ್‌ನಲ್ಲಿ ನಾವು ದುಡ್ಡು ಬಿಚ್ಚಿದ್ದು ಊಟಕ್ಕೆ ಮಾತ್ರ. ಆದರೂ ಅಮ್ಮ "ಮತ್ತೆ ಯಾವಾಗ್ ಹೋಗೋದು?" ಅಂತ ಕೇಳುತ್ತಿರುವುದು ಅಲ್ಲಿಗೇ.